ಹಳೆಯ ಜೀಪಿನ ಎಂಜಿನ್ ಇಳಿಸುವಾಗ: ಕೈಗೆಟುಕದ ಬೋಲ್ಟಿಗೆ ಗ್ಯಾಸ್ ಕಟರ್ ಮದ್ದಲ್ಲ

ನವಲಗುಂದ: ಮಳೆಗಾಲದಲ್ಲಿ ಎರೆ ಹೊಲದ ದಾರಿ ತುಳಿದವರಿಗೆ ಆ ಮಣ್ಣಿನ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ಹೆಜ್ಜೆ ಹೆಜ್ಜೆಗೂ ಚಪ್ಪಲಿಗೆ ಮೆತ್ತಿಕೊಳ್ಳುತ್ತ ಕೊನೆಗೆ ಕಾಲನ್ನೇ ಹಿಡಿದು ನಿಲ್ಲಿಸುತ್ತದೆ. ಅದೇ ಮಣ್ಣು ನಾಲ್ಕೈದು ದಶಕಗಳ ಕಾಲ ಜೀಪಿನ ಅಡಿಭಾಗಕ್ಕೆ ಮೆತ್ತಿಕೊಂಡರೆ ಏನಾಗುತ್ತದೆ ಎಂಬುದು ಎಂಜಿನ್ ಕೆಳಗಿಳಿಸಲು ಹೊರಟ ದಿನ ಗೊತ್ತಾಗುತ್ತದೆ. ರೇಡಿಯೇಟರ್ ಬಿಚ್ಚಬಹುದು, ಬಾನೆಟ್ ತೆಗೆಯಬಹುದು. ಆದರೆ ಎಂಜಿನ್ನನ್ನು ಚಾಸಿಗೆ ಹಿಡಿದಿಟ್ಟ ನಾಲ್ಕಾರು ಬೋಲ್ಟುಗಳು ಮಾತ್ರ ಕದಲುವುದಿಲ್ಲ. ಕಣ್ಣಿಗೆ ಅರ್ಧ ಕಾಣುವ, ಕೈಗೆ ಪೂರ್ತಿ ಎಟುಕದ ಜಾಗದಲ್ಲಿ ಅವು ಕುಳಿತಿರುತ್ತವೆ.

ಇಂತಹ ಸಂದರ್ಭದಲ್ಲಿ ತಾಳ್ಮೆ ಕಳೆದುಕೊಂಡು ಗ್ಯಾಸ್ ಕಟರ್ ತರಿಸುವವರು ಕಡಿಮೆಯಿಲ್ಲ. ಬೋಲ್ಟಿನ ಬೆಲೆ ಕೆಲವೇ ರೂಪಾಯಿ. ಆದರೆ ಅದರ ನೆಪದಲ್ಲಿ ಕತ್ತರಿಸಿಹೋಗುವ ಚಾಸಿಯ ಬ್ರಾಕೆಟ್ ಮತ್ತೆ ಸಿಗುವಂಥದಲ್ಲ. 2021ರ ನಿಯಮದ ನಂತರ ಈ ಮಾತಿಗೆ ಕಾನೂನಿನ ತೂಕವೂ ಬಂದಿದೆ. ಆದುದರಿಂದ ಎಂಜಿನ್ ಬೋಲ್ಟುಗಳನ್ನು ಚಾಸಿಗೆ ಪೆಟ್ಟಾಗದಂತೆ ಬಿಚ್ಚುವ ಕ್ರಮವನ್ನು ಹಳೆಯ ಜೀಪುಳ್ಳವರು ತಿಳಿದಿರುವುದು ಒಳ್ಳೆಯದು.

ಎಂಜಿನ್ ಕುಳಿತಿರುವ ಬಗೆ

ಮಹೀಂದ್ರ ಕಂಪನಿಯು 1947ರಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಮುಂದೆ ದೇಶದ ಹಳ್ಳಿಗಳಲ್ಲಿ ಮನೆಮಾತಾದದ್ದು ಸಿಜೆ-3ಬಿ ಎಂಬ ಮಾದರಿ. ಅಮೆರಿಕದಲ್ಲಿ 1953ರಲ್ಲಿ ಹೊರಬಂದ ಈ ಮಾದರಿಯ ತಯಾರಿಕೆ ಅಲ್ಲಿ 1968ರಲ್ಲಿ ನಿಂತುಹೋಯಿತು. ಭಾರತದಲ್ಲಿ ಮಾತ್ರ ಇದೇ ವಿನ್ಯಾಸ ಮತ್ತೂ ಹಲವು ದಶಕ ಬಾಳಿತು. ಇದರ ಮೂಲ ಪೆಟ್ರೋಲ್ ಎಂಜಿನ್ನಿನ ಹೆಸರು ಹರಿಕೇನ್. ನಾಲ್ಕು ಸಿಲಿಂಡರುಗಳ, ಸುಮಾರು 2,200 ಸಿಸಿ ಸಾಮರ್ಥ್ಯದ ಈ ಎಂಜಿನ್ ಎತ್ತರವಾಗಿರುವುದರಿಂದಲೇ ಸಿಜೆ-3ಬಿಯ ಬಾನೆಟ್ ಹಿಂದಿನ ಜೀಪುಗಳಿಗಿಂತ ಎತ್ತರಕ್ಕೆ ನಿಂತಿದೆ.

ಈ ಎಂಜಿನ್ ಮೂರು ಕಡೆ ಆಧಾರ ಪಡೆಯುತ್ತದೆ. ಮುಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು. ಹಿಂಭಾಗದಲ್ಲಿ ಗೇರ್ ಬಾಕ್ಸಿನ ಕೆಳಗೆ, ಚಾಸಿಯ ಅಡ್ಡಪಟ್ಟಿಯ ಮೇಲೆ ಮತ್ತೊಂದು. ಮೂರೂ ಕಡೆ ಉಕ್ಕಿಗೂ ಉಕ್ಕಿಗೂ ನಡುವೆ ರಬ್ಬರ್ ಇರುತ್ತದೆ. ಎಂಜಿನ್ನಿನ ನಡುಕ ಚಾಸಿಗೆ ತಾಗದಂತೆ ತಡೆಯುವುದು ಈ ರಬ್ಬರಿನ ಕೆಲಸ. ಗ್ಯಾರೇಜುಗಳಲ್ಲಿ ಇದನ್ನು ‘ಫೌಂಡೇಶನ್’ ಎಂದೇ ಕರೆಯುತ್ತಾರೆ. ಸೋರಿದ ಎಣ್ಣೆ ಬಿದ್ದು ಬಿದ್ದು ರಬ್ಬರ್ ಮೆತ್ತಗಾದಾಗ ಎಂಜಿನ್ ಒಂದು ಬದಿಗೆ ವಾಲುತ್ತದೆ, ಕ್ಲಚ್ ಬಿಡುವಾಗ ಗಾಡಿ ಕುಪ್ಪಳಿಸುತ್ತದೆ. ಆಗ ಫೌಂಡೇಶನ್ ಬದಲಾಯಿಸದೆ ಗತಿಯಿಲ್ಲ.

ಮುಂದಿನ ಬೋಲ್ಟುಗಳಿಗೆ ಕೈ ಹಾಕಲು ಒಂದು ಬದಿಯಲ್ಲಿ ಸೈಲೆನ್ಸರ್ ಪೈಪ್ ಅಡ್ಡಬರುತ್ತದೆ, ಇನ್ನೊಂದು ಬದಿಯಲ್ಲಿ ಸ್ಟೀರಿಂಗ್ ಭಾಗಗಳು ಅಡ್ಡಬರುತ್ತವೆ. ಹಿಂದಿನ ಬೋಲ್ಟುಗಳು ಅಡ್ಡಪಟ್ಟಿಯ ಅಡಿಯಲ್ಲಿ, ಮಣ್ಣು ನೇರವಾಗಿ ಎರಚುವ ಜಾಗದಲ್ಲಿವೆ. ಸಾಲದ್ದಕ್ಕೆ ಹಿಂದಿನ ವರ್ಷಗಳಲ್ಲಿ ಅನೇಕ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಲಾಗಿದೆ. ಅಂತಹ ಗಾಡಿಗಳಲ್ಲಿ ಬ್ರಾಕೆಟ್ಟುಗಳನ್ನು ಆಯಾ ಗ್ಯಾರೇಜಿನವರೇ ಬೆಸುಗೆ ಹಾಕಿರುವುದರಿಂದ ಯಾವ ಬೋಲ್ಟು ಎಲ್ಲಿದೆ ಎಂಬುದನ್ನು ಗಾಡಿಯನ್ನು ನೋಡಿಯೇ ತಿಳಿಯಬೇಕು.

ಬೋಲ್ಟು ಹಿಡಿದುಕೊಳ್ಳುವುದೇಕೆ?

ಕಾರಣಗಳು ಎರಡು. ಮೊದಲನೆಯದು ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟಿನ ಎಳೆಗಳ ನಡುವೆ ಅಷ್ಟು ಜಾಗವೆಲ್ಲಿದೆ? ಹೀಗಾಗಿ ತುಕ್ಕು ತಾನೇ ಬೆಣೆಯಾಗಿ ಎರಡನ್ನೂ ಬಿಗಿದುಬಿಡುತ್ತದೆ. ಎರೆ ಮಣ್ಣಿನ ಜೇಡಿ ನೀರು ಹೀರಿ ಉಬ್ಬುತ್ತದೆ, ಬೇಗ ಒಣಗುವುದಿಲ್ಲ. ರಸ್ತೆ ಒಣಗಿದ ಎಷ್ಟೋ ದಿನಗಳ ನಂತರವೂ ಬ್ರಾಕೆಟ್ಟಿನ ಸಂದಿಯಲ್ಲಿ ಅದು ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಬೇಸಿಗೆಯಲ್ಲಿಯೂ ಗಾಡಿಯ ಅಡಿಯನ್ನು ತೊಳೆಸಬೇಕೆಂಬುದು ಇದೇ ಕಾರಣಕ್ಕೆ.

ಎರಡನೆಯ ಕಾರಣವನ್ನು ಬಹಳ ಮಂದಿ ಗಮನಿಸುವುದಿಲ್ಲ. ಅದು ಎಂಜಿನ್ನಿನ ಭಾರ. ರಬ್ಬರ್ ಕುಸಿದಾಗ ಎಂಜಿನ್ ವಾಲಿ, ಬೋಲ್ಟು ರಂಧ್ರದ ಒಂದು ಅಂಚಿಗೆ ಒತ್ತಿ ನಿಲ್ಲುತ್ತದೆ. ನಟ್ಟು ಬಿಟ್ಟರೂ ಬೋಲ್ಟು ಹೊರಬರುವುದಿಲ್ಲ. ಇದು ತುಕ್ಕೆಂದು ತಿಳಿದು ಸುತ್ತಿಗೆಯಿಂದ ಬಡಿದರೆ ಎಳೆಗಳು ಹಾಳಾಗುತ್ತವೆಯೇ ಹೊರತು ಕೆಲಸ ಆಗುವುದಿಲ್ಲ. ಎಂಜಿನ್ನನ್ನು ಎರಡು ಮೂರು ಮಿಲಿಮೀಟರ್ ಮೇಲೆತ್ತಿದರೆ ಸಾಕು, ಎಷ್ಟೋ ವೇಳೆ ಅದೇ ಬೋಲ್ಟು ಬೆರಳಲ್ಲೇ ಹೊರಬರುತ್ತದೆ.

ಪಾನಾ ಆರಿಸುವಲ್ಲೇ ಎಚ್ಚರ

ಹಳೆಯ ಜೀಪಿನ ಬೋಲ್ಟುಗಳು ಇಂಚಿನ ಅಳತೆಯವು. ಇಂದು ಗ್ಯಾರೇಜುಗಳಲ್ಲಿರುವುದು ಬಹುತೇಕ ಮಿಲಿಮೀಟರ್ ಪಾನಾಗಳು. ಕೆಲವು ಅಳತೆಗಳು ಹೊಂದುತ್ತವೆ. 3/4 ಇಂಚು ಎಂದರೆ 19.05 ಮಿ.ಮೀ., ಆದ್ದರಿಂದ 19ರ ಪಾನಾ ಬಹುಮಟ್ಟಿಗೆ ಸರಿಹೋಗುತ್ತದೆ. 5/8 ಇಂಚಿಗೆ 16ರ ಪಾನಾ ನಡೆಯುತ್ತದೆ. ಮೋಸವಾಗುವುದು 9/16 ಇಂಚಿನಲ್ಲಿ. ಅದು 14.29 ಮಿ.ಮೀ. ಇರುವುದರಿಂದ 14ರ ಪಾನಾ ಹಿಡಿಯುವುದಿಲ್ಲ, 15ರದು ಸಡಿಲವಾಗುತ್ತದೆ. ಸಡಿಲ ಪಾನಾ ಹಾಕಿ ಬಲ ಪ್ರಯೋಗಿಸಿದರೆ ಬೋಲ್ಟಿನ ಆರು ಮೂಲೆಗಳೂ ಸವೆದು ತಲೆ ಗುಂಡಗಾಗುತ್ತದೆ. 3/8 ಇಂಚಿನ ಬೋಲ್ಟಿನ ತಲೆ ಸಾಮಾನ್ಯವಾಗಿ ಇದೇ 9/16 ಅಳತೆಯದು ಎಂಬುದನ್ನು ನೆನಪಿಡತಕ್ಕದ್ದು.

ಸಾಕೆಟ್ ಬಳಸುವುದಾದರೆ ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯದೇ ಮೇಲು. ಅದು ಬೋಲ್ಟಿನ ಮೂಲೆಯನ್ನಲ್ಲ, ಬದಿಯನ್ನು ಹಿಡಿಯುತ್ತದೆ. ಕೈ ಎಟುಕದ ಜಾಗಕ್ಕೆ ಉದ್ದನೆಯ ಎಕ್ಸ್‌ಟೆನ್ಶನ್ ರಾಡ್, ಅದರ ತುದಿಗೆ ಬಾಗುವ ಯೂನಿವರ್ಸಲ್ ಜಾಯಿಂಟ್ ಜೋಡಿಸಿಕೊಳ್ಳಬಹುದು. ಆದರೆ ಜಾಯಿಂಟ್ ಹೆಚ್ಚು ಬಾಗಿದಷ್ಟೂ ಸಾಕೆಟ್ ಜಾರುವ ಸಂಭವ ಹೆಚ್ಚು. ಆದಷ್ಟು ನೇರವಾದ ದಾರಿ ಹುಡುಕುವುದು ಜಾಣತನ. ಸೈಲೆನ್ಸರ್ ಪೈಪನ್ನು ಬಿಚ್ಚಲು ಅರ್ಧ ತಾಸು ಹಿಡಿಯಬಹುದು. ಅದನ್ನು ಉಳಿಸಲು ಹೋಗಿ ಅರ್ಧ ದಿನ ಕಳೆಯುವುದರಲ್ಲಿ ಅರ್ಥವಿಲ್ಲ.

ಕೆಲಸದ ಕ್ರಮ

ಮೊದಲು ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡ್ಡ ಕೊಡಬೇಕು. ಎರೆ ನೆಲದ ಮೇಲೆ ಜಾಕ್ ನಿಲ್ಲಿಸುವುದು ಅಪಾಯವನ್ನು ಕರೆದಂತೆ. ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ರೋಲ್ ಪೈಪ್ ಮುಚ್ಚಬೇಕು. ಮೊಬೈಲಿನಲ್ಲಿ ಪ್ರತಿ ಬದಿಯ ಚಿತ್ರ ತೆಗೆದಿಟ್ಟುಕೊಂಡರೆ ಜೋಡಿಸುವಾಗ ಯಾವ ವಾಷರ್ ಎಲ್ಲಿತ್ತು ಎಂಬ ಗೊಂದಲ ಇರದು.

ಬಳಿಕ ಮಣ್ಣನ್ನು ನೀರಿನಿಂದ ತೊಳೆದು, ಒಣಗಿದ ಮೇಲೆ ತಂತಿ ಬ್ರಷ್‌ನಿಂದ ಬೋಲ್ಟಿನ ಹೊರಗೆ ಚಾಚಿದ ಎಳೆಗಳನ್ನು ತಿಕ್ಕಬೇಕು. ಕೊಳೆ ತುಂಬಿದ ಎಳೆಯ ಮೇಲೆ ನಟ್ಟು ತಿರುಗಿಸಿದರೆ ಅದು ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಅನಂತರ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಮತ್ತೊಮ್ಮೆ ಹಾಕಬೇಕು. ಇಲ್ಲಿ ಕೆಲಸ ಮಾಡುವುದು ಎಣ್ಣೆಗಿಂತ ಹೆಚ್ಚಾಗಿ ಸಮಯ.

ಮೂರನೆಯದಾಗಿ ಎಂಜಿನ್ನಿಗೆ ಆಧಾರ. ಮೇಲಿನಿಂದ ಚೈನ್ ಪುಲ್ಲಿಯಲ್ಲಿ ಹಿಡಿಯುವುದು ಉತ್ತಮ. ಕೆಳಗಿನಿಂದ ಜಾಕ್ ಕೊಡುವುದಾದರೆ ಎಣ್ಣೆ ಚೇಂಬರಿನ ತಗಡು ಒಳಕ್ಕೆ ಹೋಗದಂತೆ ನಡುವೆ ಅಗಲವಾದ ಮರದ ಹಲಗೆ ಇಡಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಗಾಡಿಯ ಕೆಳಗೆ ತಲೆಯಿಡಬಾರದು. ಎಂಜಿನ್ನಿನ ಭಾರ ಬೋಲ್ಟಿನಿಂದ ಇಳಿಯುವಷ್ಟು ಮಾತ್ರ ಎತ್ತಬೇಕು, ಹೆಚ್ಚು ಎತ್ತಿದರೆ ಬೋಲ್ಟು ಮತ್ತೊಂದು ಅಂಚಿಗೆ ಒತ್ತುತ್ತದೆ.

ಈಗ ಪಾನಾ. ವಿಚಿತ್ರವೆನಿಸಿದರೂ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಬೇಕು. ತುಕ್ಕಿನ ಹಿಡಿತ ಒಡೆಯಲು ಅಷ್ಟು ಸಾಕು. ನಂತರ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ, ಮತ್ತೆ ಎಣ್ಣೆ. ಪಾನಾಕ್ಕೆ ಉದ್ದನೆಯ ಪೈಪ್ ತೊಡಿಸುವ ಮುನ್ನ ಲೆಕ್ಕ ನೋಡಬೇಕು. ಒಂದು ಅಡಿ ಪಾನಾಕ್ಕೆ ಹಾಕುವ ಬಲವನ್ನೇ ಮೂರು ಅಡಿ ಪೈಪಿನ ತುದಿಗೆ ಹಾಕಿದರೆ ಬೋಲ್ಟಿನ ಮೇಲೆ ಬೀಳುವ ತಿರುಚುಬಲ ಮೂರು ಪಟ್ಟಾಗುತ್ತದೆ. 3/8 ಇಂಚಿನ ಬೋಲ್ಟು ಇದನ್ನು ತಡೆಯಲಾರದು.

ಬೆಂಕಿಯ ಉಪಯೋಗ, ಬೆಂಕಿಯ ಭಯ

ಎಣ್ಣೆಗೆ ಬಗ್ಗದಿದ್ದಾಗ ಶಾಖವೇ ದಾರಿ. ಆದರೆ ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ನಟ್ಟನ್ನು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಅಳತೆಯ ದಶಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 10 ಮಿ.ಮೀ. ರಂಧ್ರದ ನಟ್ಟನ್ನು 300 ಡಿಗ್ರಿಯಷ್ಟು ಕಾಯಿಸಿದರೂ ಹಿಗ್ಗುವುದು 0.036 ಮಿ.ಮೀ. ಮಾತ್ರ. ಲೆಕ್ಕದಲ್ಲಿ ಅತ್ಯಲ್ಪವಾದರೂ ತುಕ್ಕಿನ ಪದರ ಬಿರಿಯಲು ಇದು ಸಾಕಾಗುತ್ತದೆ. ಸ್ವಲ್ಪ ಆರಿದ ನಟ್ಟಿನ ಅಂಚಿಗೆ ಮೇಣದ ಬತ್ತಿ ಮುಟ್ಟಿಸಿದರೆ ಕರಗಿದ ಮೇಣ ಎಳೆಗಳ ಒಳಕ್ಕೆ ಇಳಿದು ತಿರುಗಲು ಅನುವು ಮಾಡುತ್ತದೆ.

ಆದರೆ ಪೆಟ್ರೋಲ್ ಪಂಪ್, ಪೈಪ್, ಎಣ್ಣೆ ಹಿಡಿದ ಚಾಸಿ ಎಲ್ಲವೂ ಪಕ್ಕದಲ್ಲೇ ಇರುವುದನ್ನು ಮರೆಯಬಾರದು. ಹಿಂದಿನ ರಾತ್ರಿ ಸಿಂಪಡಿಸಿದ ಎಣ್ಣೆಯೂ ಹೊತ್ತಿಕೊಳ್ಳುವಂಥದೇ. ಪೆಟ್ರೋಲ್ ಪೂರ್ತಿ ತೆಗೆದು, ಜಾಗ ಒರೆಸಿ, ಬೆಂಕಿ ನಂದಿಸುವ ಸಿಲಿಂಡರ್ ಅಥವಾ ಒಣ ಮರಳನ್ನು ಪಕ್ಕದಲ್ಲಿಟ್ಟುಕೊಂಡೇ ಈ ಕೆಲಸಕ್ಕೆ ಕೈ ಹಾಕಬೇಕು. ಅನುಭವವಿಲ್ಲದವರು ಇದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಕತ್ತರಿಸಲೇಬೇಕಾದರೆ ಏನನ್ನು?

ಬೋಲ್ಟಿನ ತಲೆ ಗುಂಡಗಾಗಿ, ಯಾವ ಉಪಾಯವೂ ನಡೆಯದಿದ್ದರೆ ಕತ್ತರಿಸುವುದು ಅನಿವಾರ್ಯ. ಬದಲಾಯಿಸಲೆಂದೇ ಹೊರಟಿರುವ ರಬ್ಬರನ್ನು ಮೊದಲು ಬಲಿಕೊಡಬೇಕು. ಎರಡೂ ಬದಿಗೆ ಬೇರೆ ಬೇರೆ ಬೋಲ್ಟುಗಳಿದ್ದು, ನಡುವೆ ರಬ್ಬರ್ ಮಾತ್ರ ಇರುವ ಮಾದರಿಯಾದರೆ ಹ್ಯಾಕ್ಸಾ ಬ್ಲೇಡನ್ನು ಸಂದಿಯಲ್ಲಿ ತೂರಿಸಿ ರಬ್ಬರನ್ನೇ ಕೊಯ್ಯಬಹುದು. ಎಂಜಿನ್ ಬಿಡುಗಡೆಯಾಗಿ ಮೇಲಕ್ಕೆ ಬರುತ್ತದೆ. ಚಾಸಿಯಲ್ಲಿ ಉಳಿದ ಬೋಲ್ಟು ಆಗ ಕಣ್ಣೆದುರಿಗೇ ಇರುವುದರಿಂದ ನಿಧಾನವಾಗಿ ಬಿಡಿಸಬಹುದು. ರಬ್ಬರಿನ ನಡುವಿನಿಂದಲೇ ಬೋಲ್ಟು ಹಾಯ್ದಿದ್ದರೆ ನಟ್ಟನ್ನು ಸೀಳುವ ಉಪಕರಣ ಬಳಸಬಹುದು. ಮುರಿದು ಉಳಿದ ತುಂಡಿನ ಮೇಲೆ ಹೊಸ ನಟ್ಟು ಇಟ್ಟು ಬೆಸುಗೆ ಹಾಕಿದರೆ ಆ ಶಾಖಕ್ಕೇ ತುಂಡು ಸಡಿಲವಾಗುವುದುಂಟು. ಕೊನೆಗೆ ಉಳಿಯುವುದು ಡ್ರಿಲ್. ಮೊದಲು ನಟ್ಟನಡುವೆ ಗುರುತು ಹಾಕಿ, ಸಣ್ಣ ರಂಧ್ರದಿಂದ ಆರಂಭಿಸಿ ದೊಡ್ಡದಕ್ಕೆ ಹೋಗಬೇಕು.

ಈ ಪಟ್ಟಿಯಲ್ಲಿ ಚಾಸಿಯ ಬ್ರಾಕೆಟ್ಟಿಗೆ ಜಾಗವಿಲ್ಲ.

ಕಾನೂನು ಏನು ಹೇಳುತ್ತದೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಜುಲೈ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ‘ವಿಂಟೇಜ್’ ವಾಹನ ಎಂದರೇನು ಎಂಬುದನ್ನು ನಿರ್ಣಯಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯಿಸುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಆ ತಿದ್ದುಪಡಿಯಲ್ಲಿ ಹೊಸ ನೋಂದಣಿಗೆ 20 ಸಾವಿರ ರೂ., ಮರು ನೋಂದಣಿಗೆ 5 ಸಾವಿರ ರೂ. ಶುಲ್ಕ ನಿಗದಿಯಾಯಿತು. ನೋಂದಣಿಯ ಅವಧಿ 10 ವರ್ಷ. ಇಂತಹ ವಾಹನದ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಇರುತ್ತದೆ.

ಇಲ್ಲಿ ರೈತರು ಗಮನಿಸಬೇಕಾದ ಸಂಗತಿಯೊಂದಿದೆ. ವಿಂಟೇಜ್ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯ ಹೊಲಕ್ಕೆ, ಸಂತೆಗೆ ಓಡಿಸುವಂತಿಲ್ಲ. ಆದ್ದರಿಂದ ದುಡಿಯುವ ಜೀಪನ್ನು ದುಡಿಮೆಗೇ ಉಳಿಸಿಕೊಳ್ಳಬೇಕೋ, ಮನೆತನದ ನೆನಪಾಗಿ ಕಾಪಾಡಬೇಕೋ ಎಂಬುದನ್ನು ಮಾಲೀಕರೇ ನಿರ್ಧರಿಸಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಲು ಜನ ಇಂದಿಗೂ ನಿಲ್ಲುತ್ತಾರೆ. ಎರೆ ನಾಡಿನ ಜೀಪಿಗೂ ಅಂತಹ ಗೌರವ ಸಲ್ಲಬೇಕಾದರೆ ಅದರ ಚಾಸಿ ಮೂಲದಂತೆಯೇ ಉಳಿದಿರಬೇಕಾದುದು ಅಗತ್ಯ. ಚಾಸಿ ಸಂಖ್ಯೆ ಕೊರೆದ ಭಾಗದ ಹತ್ತಿರ ಗ್ರೈಂಡರ್ ಆಡಿಸುವುದಂತೂ ಸಲ್ಲದು. ದಾಖಲೆಗೂ ಗಾಡಿಗೂ ಇರುವ ಸಂಬಂಧವೇ ಆ ಸಂಖ್ಯೆ.

ಮರುಜೋಡಣೆ

ಬಿಚ್ಚಿದ ಹಳೆಯ ಬೋಲ್ಟುಗಳನ್ನು ಮತ್ತೆ ಹಾಕುವ ಜಿಪುಣತನ ಬೇಡ. ಅದೇ ಅಳತೆ, ಅದೇ ಎಳೆ, ಅದೇ ಗಟ್ಟಿತನದ ಹೊಸ ಬೋಲ್ಟು ಮತ್ತು ಸ್ಪ್ರಿಂಗ್ ವಾಷರ್ ತರಬೇಕು. ಇಂಚಿನ ರಂಧ್ರಕ್ಕೆ ಮಿಲಿಮೀಟರ್ ಬೋಲ್ಟು ತುರುಕಬಾರದು. ಎಳೆಗೆ ತೆಳುವಾಗಿ ಗ್ರೀಸ್ ಸವರಿ, ಮೂರೂ ಕಡೆಯ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಎಂಜಿನ್ನಿನ ಭಾರ ಪೂರ್ತಿಯಾಗಿ ರಬ್ಬರಿನ ಮೇಲೆ ಇಳಿದ ಮೇಲೆಯೇ ಬಿಗಿಯಬೇಕು. ಒಂದನ್ನು ಮೊದಲೇ ಬಿಗಿದುಬಿಟ್ಟರೆ ಉಳಿದವು ರಂಧ್ರಕ್ಕೆ ಹೊಂದುವುದಿಲ್ಲ, ಹೊಸ ರಬ್ಬರಿಗೂ ಆಯುಷ್ಯವಿರುವುದಿಲ್ಲ. ಗಾಡಿಯನ್ನು ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಪರೀಕ್ಷಿಸಿ, ಪ್ರತಿ ಮಳೆಗಾಲ ಮುಗಿದ ಮೇಲೆ ಆ ಸಂದಿಗಳ ಮಣ್ಣನ್ನು ತೆಗೆಸಿದರೆ ಮುಂದಿನ ಬಾರಿ ಅದೇ ಬೋಲ್ಟು ಪಾನಾಕ್ಕೆ ಸಲೀಸಾಗಿ ಬಿಟ್ಟುಕೊಡುತ್ತದೆ.