ಹಲ್ಲಿನ ಕುರ್ಚಿಯ ಪಕ್ಕ ನಿಂತವರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕು ಸೇರಿದರೆ ಪಾಂಡವಪುರ ಉಪವಿಭಾಗ. ಎಸಿ ಕಚೇರಿ ಒಂದೇ ಆದರೂ ನೀರು ಬೇರೆ ಬೇರೆ. ಮೊದಲೆರಡಕ್ಕೆ ಕಾವೇರಿ ನಾಲೆ, ಕೆ.ಆರ್. ಪೇಟೆಗೆ ಹೇಮಾವತಿ, ನಾಗಮಂಗಲದ ಎಷ್ಟೋ ಹಳ್ಳಿಗಳಿಗೆ ಕೊಳವೆಬಾವಿಯೇ ಗತಿ. ಈ ಸಲ ಕೋಟೆ, ಗುಡಿಗಳನ್ನು ಬದಿಗಿಟ್ಟು ಹಲ್ಲಿನ ಕ್ಲಿನಿಕ್ಕುಗಳ ಮೆಟ್ಟಿಲು ಹತ್ತಿದೆ. ವೈದ್ಯರ ಕೈಚಳಕಕ್ಕಿಂತ, ಅವರ ಸುತ್ತ ಕೆಲಸ ಮಾಡುವವರು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ ಎಂದು ನೋಡುವ ಆಸೆ ನನ್ನದು. ಒಳಗೆ ಕೂರಿಸಿಕೊಂಡು ತೋರಿಸಿದವರ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ.

ಶ್ರೀರಂಗಪಟ್ಟಣದ ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಬಸ್ಸು ಹತ್ತಿದರೆ ಮೈಸೂರು ಅರ್ಧ ಗಂಟೆಯ ದಾರಿ, ಅಲ್ಲಿ ಡೆಂಟಲ್ ಕಾಲೇಜುಗಳೇ ಇವೆ. ಆದರೂ ಬೆಂಚು ತುಂಬಿತ್ತು. ಗೋಡೆಯ ಮೇಲೆ ಕನ್ನಡದಲ್ಲಿ ದರಪಟ್ಟಿ: ಹಲ್ಲು ಕೀಳಲು ಇಷ್ಟು, ಕ್ಲೀನಿಂಗಿಗೆ ಇಷ್ಟು, ರೂಟ್ ಕೆನಾಲಿಗೆ ಇಷ್ಟು, ಕ್ಯಾಪಿಗೆ ಇಷ್ಟು. ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಯಂತೆ ದರ ಪ್ರಕಟಿಸಲೇಬೇಕು, ಅದರಲ್ಲಿ ಹೊಸದೇನಿಲ್ಲ. ಇಲ್ಲಿನ ಕಟ್ಟುಪಾಡು ಬೇರೆ. ಮೇಜಿನ ಬಳಿ ಕೂತ ಹುಡುಗಿ ಚೀಟಿಯಲ್ಲಿ ಬರೆದುಕೊಟ್ಟ ಮೊತ್ತವನ್ನು ಒಳಗೆ ಹೋದ ಮೇಲೆ ಡಾಕ್ಟರು ಬದಲಿಸುವುದಿಲ್ಲ. ಕೆಲಸ ಹೆಚ್ಚಾಗುವಂತಿದ್ದರೆ ಕೈ ನಿಲ್ಲಿಸಿ, ಅವಳನ್ನೂ ಕರೆದು, ರೋಗಿಯ ಎದುರಿಗೇ ಹೊಸ ಲೆಕ್ಕ ಬರೆಸುತ್ತಾರೆ. ಐದು ರೂಪಾಯಿ ಡಾಕ್ಟರೆಂದೇ ಹೆಸರಾದ ಡಾ. ಎಸ್.ಸಿ. ಶಂಕರೇಗೌಡರ ಜಿಲ್ಲೆ ಇದು. ದುಡ್ಡಿನ ಮಾತನ್ನು ಜನ ಮುಖಕ್ಕೆ ಮುಖ ಕೇಳುತ್ತಾರೆ. ಹಲ್ಲಿನ ಕೆಲಸಕ್ಕೆ ಸಾಮಾನು, ಲ್ಯಾಬು, ಯಂತ್ರ ಎಲ್ಲ ಬೇಕಾದ್ದರಿಂದ ಐದು ರೂಪಾಯಿಯಲ್ಲಿ ಆಗುವಂಥದ್ದಲ್ಲ. ಹೊರಗೊಂದು ಒಳಗೊಂದು ಲೆಕ್ಕ ಆಗದಂತೆ ನೋಡಿಕೊಳ್ಳುವುದು ಮಾತ್ರ ಕೈಯಲ್ಲೇ ಇದೆ.

ಪಾಂಡವಪುರದಲ್ಲಿ ಕಬ್ಬಿನದೇ ಕಾಲಮಾನ. ನೋವು ನಿಂತ ಕೂಡಲೇ ರೂಟ್ ಕೆನಾಲನ್ನು ಅರ್ಧಕ್ಕೆ ಬಿಟ್ಟು, "ಕಬ್ಬಿನ ಬಿಲ್ಲು ಬರ್ಲಿ, ಆಮೇಲ್ ಬತ್ತೀನಿ" ಎಂದು ಹೋದವರು ಹಲ್ಲು ಒಡೆದ ಮೇಲೆ ಬರುತ್ತಾರೆ. ಅಂಥವರಿಗೆ ಫೋನು ಮಾಡುವ ಕೆಲಸ ಇಲ್ಲಿ ಸಹಾಯಕಿಯದು. "ದುಡ್ಡು ಆಮೇಲಾಗ್ಲಿ ಅಣ್ಣ, ತಾತ್ಕಾಲಿಕ ಸಿಮೆಂಟು ಬಿದ್ದೋದ್ರೆ ಹಲ್ಲೇ ಉಳಿಯಲ್ಲ" ಎಂದು ಅವಳು ಹೇಳುವುದನ್ನು ಕೇಳಿಸಿಕೊಂಡೆ. ಹಾಗೆ ಹೇಳಲು ಅವಳು ಯಾರನ್ನೂ ಕೇಳಬೇಕಾಗಿಲ್ಲ, ಡಾಕ್ಟರು ಮೊದಲೇ ಬಿಟ್ಟುಕೊಟ್ಟಿದ್ದಾರೆ.

ಕೆ.ಆರ್. ಪೇಟೆಯಲ್ಲಿ ನಾನು ಹೆಚ್ಚು ಹೊತ್ತು ಕೂತೆ. ಸಂತೆಗೆ ಬಂದವರು, ಕಿಕ್ಕೇರಿ ಕಡೆಯಿಂದ ಬಂದವರು, ಅವರೆಲ್ಲರ ಬಾಯಲ್ಲೂ ಒಂದೇ ಮಾತು: "ಕಿತ್ತಾಕ್ಬುಡಿ ಡಾಕ್ಟ್ರೇ." ಎಲೆಅಡಿಕೆ, ಕಡ್ಡಿಪುಡಿ ಹಾಕಿ ಹಾಕಿ ವಸಡು ಇಳಿದ ಹಲ್ಲುಗಳು. ಒಬ್ಬ ಯಜಮಾನರು ಕುರ್ಚಿಯಲ್ಲಿ ಕೂತಾಗಿತ್ತು. ಬಿಪಿ? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಡಾಕ್ಟರ ಪ್ರಶ್ನೆಗಳಿಗೆಲ್ಲ ಇಲ್ಲ ಎಂದೇ ಉತ್ತರ. ಆದರೆ ಹೊರಗೆ ಚೀಟಿ ಮಾಡುವಾಗ ಸಹಾಯಕಿ ಬೇರೆ ಥರ ಕೇಳಿದ್ದಳು: "ಅಪ್ಪ, ಬೆಳಿಗ್ಗೆ ಎದ್ದು ಯಾವ್ದಾದ್ರೂ ಮಾತ್ರೆ ನುಂಗ್ತೀರಾ?" ಯಜಮಾನರು ಜೇಬಿನಿಂದ ಪಟ್ಟಿ ತೆಗೆದು ತೋರಿಸಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಕೊಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಅದು. ಅವರ ಪಾಲಿಗೆ ಅದು ಕಾಯಿಲೆಯಲ್ಲ, ಆಪರೇಷನ್ ಆಗಿ ವಾಸಿಯಾಯಿತಲ್ಲ! ಅಷ್ಟರಲ್ಲಿ ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೈಗೆತ್ತಿಕೊಂಡಿದ್ದರು. ಅವಳು ಒಳಗೆ ಬಂದು "ಸರ್, ಒಂದ್ನಿಮಿಷ" ಎಂದಳು. ಅವರು ಸಿರಿಂಜನ್ನು ಟ್ರೇಯಲ್ಲಿಟ್ಟು ಪಟ್ಟಿ ಓದಿದರು. ಇಂಥ ಮಾತ್ರೆಯನ್ನು ರೋಗಿಯಾಗಲಿ ಹಲ್ಲಿನ ವೈದ್ಯರಾಗಲಿ ತಮ್ಮಷ್ಟಕ್ಕೆ ನಿಲ್ಲಿಸುವಂತಿಲ್ಲ, ಹೃದಯಕ್ಕೇ ಅಪಾಯ. ರಕ್ತ ನಿಲ್ಲಿಸುವ ಸಿದ್ಧತೆ ಮಾಡಿಕೊಂಡು, ಹೃದಯದ ವೈದ್ಯರೊಡನೆ ಮಾತಾಡಿ ಹಲ್ಲು ಕೀಳಬೇಕು. ಆವತ್ತಿಗೆ ನೋವಿನ ಮಾತ್ರೆ ಬರೆದುಕೊಟ್ಟು ಇನ್ನೊಂದು ದಿನ ಬರಹೇಳಿದರು. ಯಜಮಾನರಿಗೆ ಬೇಸರವಾಯಿತು, ಆದರೂ ಒಪ್ಪಿದರು.

ರೋಗಿಗಳ ಎದುರಿನಲ್ಲಿ ತಡೆದಳೆಂದು ಆ ಹುಡುಗಿಯನ್ನು ಒಮ್ಮೆ ಗದರಿಸಿದ್ದರೆ ಸಾಕಿತ್ತು, ಮುಂದಿನ ಸಲ ಅವಳು ಬಾಗಿಲ ಬಳಿಯೇ ನಿಂತುಬಿಡುತ್ತಿದ್ದಳು. ಅಲ್ಲಿ ಕಂಡ ವಿಷಯಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರಿದ್ದು ಇದೇ. ತಾಲ್ಲೂಕು ಕೇಂದ್ರದ ಸಹಾಯಕಿಯರಲ್ಲಿ ಹೆಚ್ಚಿನವರು ಪಿಯುಸಿಯವರೆಗೆ ಓದಿ, ಕುರ್ಚಿಯ ಪಕ್ಕ ನಿಂತೇ ಕೆಲಸ ಕಲಿತವರು. ಡಾಕ್ಟರು ಎಂದರೆ ಅವರಿಗೆ ಭಯ ಭಕ್ತಿ. ಆ ಭಯವನ್ನು ಇಳಿಸುವ ಹೊಣೆ ಡಾಕ್ಟರದೇ. ಭಾನುವಾರ ಮೈಸೂರಿನಿಂದ ಬರುವ ತಜ್ಞರಿಗೂ ಇಲ್ಲಿ ಒಂದು ನಿಯಮವಿದೆ. ಅವರು ಸಂಜೆ ಕಾರು ಹತ್ತುವ ಮುಂಚೆ ಪ್ರತಿ ರೋಗಿಗೂ ಏನು ಮಾಡಿದರು, ಊತ ಬಂದರೆ ಏನು ಮಾಡಬೇಕು ಎಂದು ಸಹಾಯಕಿಗೆ ಹೇಳಿಯೇ ಹೋಗಬೇಕು. ಸೋಮವಾರ ಬೆಳಿಗ್ಗೆ ಫೋನು ಎತ್ತುವವಳು ಅವಳೇ ತಾನೇ?

ನಾಗಮಂಗಲ ತಲುಪಿದಾಗ ಕರೆಂಟು ಹೋಗಿತ್ತು. ಉಪಕರಣಗಳನ್ನು ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್ ಅರ್ಧಕ್ಕೆ ನಿಂತಿತ್ತು. 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ ಇರಬೇಕು, ನಡುವೆ ನಿಂತರೆ ಮೊದಲಿನಿಂದ ಶುರು. ಬೆಳ್ಳೂರು ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಬೆಂಚಿನಲ್ಲಿ ಗೊಣಗಾಟ. ಸಹಾಯಕಿ ಎದ್ದು ನಿಂತು, "ಸಾಮಾನು ಇನ್ನೂ ಶುದ್ಧ ಆಗಿಲ್ಲ, ಆಗೋವರ್ಗೂ ಯಾರ್ನೂ ಕೂರ್ಸಲ್ಲ" ಎಂದಳು. ಡಾಕ್ಟರು ಒಳಗಿನಿಂದ ಬಂದು ಅದೇ ಮಾತನ್ನೇ ಮತ್ತೆ ಹೇಳಿದರು. ಗೊಣಗಾಟ ನಿಂತಿತು.

ಮಗಳ ಹಲ್ಲಿನ ಮೇಲೆ ಕಂದು ಕಲೆ ಕಂಡು ನಾಚಿಕೊಂಡಿದ್ದ ತಾಯಿಗೂ ಇಲ್ಲಿ ಸಮಾಧಾನದ ಉತ್ತರ ಸಿಕ್ಕಿತು. ಸರಿಯಾಗಿ ಉಜ್ಜದ್ದಕ್ಕೆ ಬಂದದ್ದಲ್ಲ, ಹಲ್ಲು ಬೆಳೆಯುವ ವಯಸ್ಸಿನಲ್ಲಿ ಕುಡಿದ ನೀರಿನ ಫ್ಲೋರೈಡಿನಿಂದ ಹೀಗಾಗುತ್ತದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ, ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು.

ಸೂಜಿ ಚುಚ್ಚಿಕೊಂಡರೆ ಏನು ಮಾಡುತ್ತೀರಿ ಎಂದು ನಾಲ್ಕೂ ಊರಿನಲ್ಲಿ ಸಹಾಯಕಿಯರನ್ನು ಕೇಳಿದೆ. "ತಕ್ಷಣ ಹೇಳ್ತೀವಿ" ಎಂದವರಿದ್ದರು, "ಬೈತಾರೇನೋ ಅಂತ ಸುಮ್ನಿರ್ತೀವಿ" ಎಂದವರೂ ಇದ್ದರು. ಸುಮ್ಮನಿದ್ದರೆ ಪ್ರಾಣಕ್ಕೆ ಸಂಚಕಾರ. ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಮುಗಿಯಲು ಆರು ತಿಂಗಳು ಬೇಕು. ಕ್ಲಿನಿಕ್ಕು ನಡೆಸುವವರು ಅದರ ಮೊದಲ ಡೋಸನ್ನು ಕೆಲಸಕ್ಕೆ ಸೇರಿದ ದಿನವೇ, ತಮ್ಮ ಖರ್ಚಿನಲ್ಲೇ ಕೊಡಿಸಲಿ. ಓದುಗರಿಗೂ ಒಂದು ಮಾತು: ಹಲ್ಲು ಕೀಳಿಸಲು ಹೋಗುವಾಗ ದಿನಾ ನುಂಗುವ ಮಾತ್ರೆಗಳ ಪಟ್ಟಿ ಜೇಬಿನಲ್ಲಿರಲಿ, ಚೀಟಿ ಬರೆಯುವ ಹುಡುಗಿ ಕೇಳುವ ಮೊದಲೇ ಅವಳಿಗೆ ತೋರಿಸಿ.