ಮೃದಂಗನಾದದ ರೋಹಿತವೂ ಡಿಜಿಟಲ್ ಆಸಿಲೋಸ್ಕೋಪೂ

ಸಮನಾಗಿ ಬಿಗಿದ ದುಂಡನೆಯ ಚರ್ಮವನ್ನು ಬಡಿದರೆ ಹುಟ್ಟುವ ಧ್ವನಿಯು ಶ್ರುತಿಗೆ ಒಗ್ಗತಕ್ಕದ್ದಲ್ಲ. ಮೂಲಕಂಪನದ ಸಂಖ್ಯೆಯನ್ನು 1 ಎಂದಿಟ್ಟುಕೊಂಡರೆ ಮೇಲಣ ಕಂಪನಗಳು 1.59, 2.14, 2.30, 2.65 ಎಂಬ ಹೊಂದಿಕೆಯಿಲ್ಲದ ಪ್ರಮಾಣಗಳಲ್ಲಿರುವುವು. ಮೃದಂಗದ ಬಲಮುಖವಾದರೋ ಹೀಗಲ್ಲ. ಸಿ. ವಿ. ರಾಮನ್ ಅವರು 1920ರಲ್ಲಿ ಶಿವಕಾಳಿ ಕುಮಾರರೊಡನೆಯೂ, 1934ರಲ್ಲಿ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿಯೂ ತೋರಿಸಿದಂತೆ, ನಡುವಣ ಕರಣೆಯ ಭಾರದಿಂದ ಒಂಬತ್ತು ಬಗೆಯ ಕಂಪನಗಳು 1, 2, 3, 4, 5 ಎಂಬ ಐದೇ ಸ್ವರಗಳಲ್ಲಿ ಬಂದು ಕೂಡುತ್ತವೆ. ಅವರು ಚರ್ಮದ ಮೇಲೆ ಮರಳನ್ನುದುರಿಸಿ ಕಂಡುದನ್ನು ಇಂದು ಡಿಜಿಟಲ್ ಆಸಿಲೋಸ್ಕೋಪಿನ ಪರದೆಯ ಮೇಲೆ ಪರೀಕ್ಷಿಸಬಹುದು. ಆದರೆ ಪರದೆಯಲ್ಲಿ ಕಂಡುದೆಲ್ಲವೂ ಮೃದಂಗದ್ದೇ ಎಂದು ನಂಬುವಂತಿಲ್ಲ.

ಈ ಯಂತ್ರವು ಮೈಕ್ರೋಫೋನಿನಿಂದ ಬಂದ ಅಲೆಯನ್ನು ಸಮಾನ ಅಂತರಗಳಲ್ಲಿ ಅಳೆದು ಅಂಕೆಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಅಲೆಯನ್ನು ಸರಳ ಕಂಪನಗಳ ಮೊತ್ತವಾಗಿ ಬಿಡಿಸುವ ಗಣಿತವು ಫೂರಿಯೇ 1822ರಲ್ಲಿ ಪ್ರಕಟಿಸಿದ ಉಷ್ಣಸಿದ್ಧಾಂತದ ಗ್ರಂಥದಿಂದ ಪ್ರಸಿದ್ಧವಾದುದು. ಅದನ್ನು ಶೀಘ್ರವಾಗಿ ಮಾಡುವ ಕ್ರಮವನ್ನು ಕೂಲಿ, ಟ್ಯೂಕಿ ಎಂಬಿಬ್ಬರು 1965ರಲ್ಲಿ ಪ್ರಕಟಿಸಿದರು. ಫಲವಾಗಿ ದೊರೆಯುವ ಶಿಖರಗಳ ಸಾಲೇ ರೋಹಿತ.

ಇಲ್ಲಿ ಮುಖ್ಯವಾದ ನಿಯಮವೊಂದುಂಟು. ರೋಹಿತದಲ್ಲಿ ಅಕ್ಕಪಕ್ಕದ ಬಿಂದುಗಳ ಅಂತರವು ಧ್ವನಿಯನ್ನು ಎಷ್ಟು ಹೊತ್ತು ಹಿಡಿದಿಟ್ಟೆವೆಂಬುದನ್ನೇ ಅವಲಂಬಿಸಿದೆ. ಹಿಡಿದ ಕಾಲ ಸೆಕೆಂಡಿನ ನೂರರಲ್ಲೊಂದಾದರೆ ಅಂತರ 100 ಹರ್ಟ್ಸ್. ಅರ್ಧ ಸೆಕೆಂಡಾದರೆ 2 ಹರ್ಟ್ಸ್. ಮೂಲಸ್ವರ 150 ಇದ್ದು, ಮೂರನೆಯ ಸ್ವರದ ಎರಡು ಕಂಪನಗಳು 450, 456 ಎಂದು ತುಸು ಬೇರೆಯಾಗಿವೆ ಎಂದು ಭಾವಿಸೋಣ. ಅಲೆಯ ಆಕಾರ ಅಂದವಾಗಿ ಕಾಣಲೆಂದು ಅಲ್ಪಕಾಲವನ್ನೇ ಹಿಡಿದವನಿಗೆ ಇವೆರಡೂ ಒಂದೇ ಶಿಖರವಾಗಿ ತೋರುವುವು; ವಾದ್ಯದ ಐಕ್ಯವು ಸಿದ್ಧವಾಯಿತೆಂದು ಅವನು ಬರೆದುಬಿಡುವನು! ಸಿದ್ಧವಾದುದು ಅವನ ಅಳತೆಯ ಒರಟುತನ ಮಾತ್ರ. ಅಳತೆಯ ವೇಗವನ್ನು ಹೆಚ್ಚಿಸಿದರೆ ಸೂಕ್ಷ್ಮತೆ ಹೆಚ್ಚುವುದೆಂಬ ಎಣಿಕೆಯೂ ಸರಿಯಲ್ಲ. ಅಂಕೆಗಳ ಸಂಖ್ಯೆ 1,000ಕ್ಕೆ ಮಿತವಾಗಿದ್ದರೆ, ಸೆಕೆಂಡಿಗೆ 10,000 ಸಲ ಅಳೆದಾಗ ಅಂತರ 10 ಹರ್ಟ್ಸ್. 1,00,000 ಸಲ ಅಳೆದಾಗ 100. ಇನ್ನು ಕಾಲವನ್ನು ಬೇಕಾದಷ್ಟು ಉದ್ದ ಮಾಡಿದರೂ ಪ್ರಯೋಜನವಿಲ್ಲ; ನಾದವಡಗಿದ ಮೇಲೆ ಸೇರುವುದು ಕೋಣೆಯ ಸದ್ದು.

ಹಿಡಿದ ತುಂಡಿನ ಎರಡು ಅಂಚುಗಳನ್ನೂ ಮೆಲ್ಲಗೆ ಸೊನ್ನೆಗಿಳಿಸುವ ಹಾನ್ ಗವಾಕ್ಷವು ತಂಬೂರಿಯಂತಹ ನಿಲ್ಲುವ ನಾದಕ್ಕೆ ಯುಕ್ತವಾದುದು. ಮೃದಂಗದ ಪೆಟ್ಟು ತುಂಡಿನ ಮೊದಲಲ್ಲೇ ಬಿದ್ದರೆ ಅದು ಪೆಟ್ಟಿನ ತಿರುಳನ್ನೇ ಅಳಿಸುವುದು. ನಾದವು ಪೂರ್ತಿ ಒಳಗೆ ಅಡಗುವಂತಿದ್ದರೆ ಗವಾಕ್ಷವಿಲ್ಲದೆ ಲೆಕ್ಕ ಹಾಕುವುದೇ ಮೇಲು.

ವೇಗವು ತೀರ ಕಡಮೆಯಾದರೂ ಮೋಸವುಂಟು. ಸೆಕೆಂಡಿಗೆ 10,000 ಸಲ ಅಳೆಯುವಾಗ 5,000ಕ್ಕೆ ಮೇಲ್ಪಟ್ಟ ಕಂಪನಗಳನ್ನು ಮೊದಲೇ ಸೋಸದಿದ್ದರೆ, 7,000 ಹರ್ಟ್ಸಿನ ಸದ್ದು 3,000ದ ವೇಷದಲ್ಲಿ ನಿಲ್ಲುವುದು. 3,000ವು 150ರ ಇಪ್ಪತ್ತು ಮಡಿಯಾದುದರಿಂದ ವಾದ್ಯದ ಸ್ವರವೆಂದೇ ಎಣಿಕೆಗೆ ಬರುವುದು. ವೇಗವನ್ನು 12,000ಕ್ಕೆ ಬದಲಿಸಿದರೆ ನಿಜವಾದ ಶಿಖರಗಳು ಇದ್ದಲ್ಲಿಯೇ ಇರುವುವು. ಈ ವೇಷಧಾರಿ ಮಾತ್ರ 5,000ಕ್ಕೆ ಸರಿದುಹೋಗುವುದು.