ಮಗುವಿನ ರಕ್ಷಣೆಗೆ ಮೊದಲ ಮದ್ದು: ಹೆತ್ತವರಿಗೆ ಆಸರೆ

ಗರ್ಭದಲ್ಲಿರುವ ಶಿಶುವಿಗೂ ಎಂಟನೆಯ ತಿಂಗಳಿನಲ್ಲಿ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಹುಟ್ಟುವ ಮೊದಲೇ ಮಗುವನ್ನು ಶಿವಸ್ವರೂಪವೆಂದು ಭಾವಿಸಿದ ಮನೆಗಳಲ್ಲಿಯೇ, ಅದು ನಾಲ್ಕೈದು ವರ್ಷದ್ದಾದಾಗ ಏಟು ಬೀಳದೆ ಬುದ್ಧಿ ಬಾರದೆಂಬ ಮಾತು ಕೇಳಿಬರುತ್ತದೆ. ಇದು ನಮ್ಮ ನಾಡಿನ ಸಂಗತಿ ಮಾತ್ರವಲ್ಲ. ಜಗತ್ತಿನಲ್ಲಿ 2ರಿಂದ 4 ವರ್ಷದೊಳಗಿನ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರು ತಮ್ಮನ್ನು ಸಾಕುವವರಿಂದಲೇ ಪದೇ ಪದೇ ಪೆಟ್ಟನ್ನೋ ಮಾನಸಿಕ ಹಿಂಸೆಯನ್ನೋ ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಈ ಹಿಂದೆ ಅಂದಾಜಿಸಿತ್ತು.

ಮಕ್ಕಳ ಮೇಲಿನ ದೌರ್ಜನ್ಯವೆಂದರೆ ಹೊಡೆತವಷ್ಟೇ ಅಲ್ಲ. ಹೀಯಾಳಿಕೆ, ಬೆದರಿಕೆ, ಲೈಂಗಿಕ ಪೀಡನೆಗಳೂ ಅದರಲ್ಲಿ ಸೇರುತ್ತವೆ. ಹೊತ್ತಿಗೆ ಅನ್ನ, ಔಷಧ, ಶಾಲೆ ಹಾಗೂ ಕಾವಲು ಒದಗಿಸದ ನಿರ್ಲಕ್ಷ್ಯವೂ ದೌರ್ಜನ್ಯವೇ. ಸದಾ ಭಯದಲ್ಲಿ ಬೆಳೆಯುವ ಮಗುವಿನ ದೇಹ ಅಪಾಯವನ್ನೇ ಎದುರುನೋಡುತ್ತಿರುತ್ತದೆ. ಅದರಿಂದ ನಿದ್ರೆ, ಕಲಿಕೆ, ನೆನಪುಗಳು ಕುಂಠಿತವಾಗುತ್ತವೆ. ಮುಂದೆ ಖಿನ್ನತೆ, ಮದ್ಯವ್ಯಸನ ಮೊದಲಾದವುಗಳ ಸಾಧ್ಯತೆಯೂ ಹೆಚ್ಚುತ್ತದೆ. ಅಳುವ ಹಸುಗೂಸನ್ನು ಸಿಟ್ಟಿನಿಂದ ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಕುತ್ತು ಬರಬಹುದು.

ಇಂತಹ ಹೆತ್ತವರೆಲ್ಲ ಕ್ರೂರಿಗಳೆಂದು ತೀರ್ಮಾನಿಸುವುದು ಸುಲಭ. ಆದರೆ ಬಹುತೇಕ ಮನೆಗಳಲ್ಲಿ ನಿಜ ಬೇರೆಯೇ ಇರುತ್ತದೆ. ಪೋತ್ನಾಳ, ಮಾನ್ವಿಯ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗ ಭತ್ತದ ನಾಟಿ; ಒಣಭೂಮಿಯಲ್ಲಿ ಹತ್ತಿ ಬಿಡಿಸುವ ಕೂಲಿ; ಕೆಲಸವಿಲ್ಲದಾಗ ದೇವದುರ್ಗದ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ. ಇಂತಹ ಬದುಕಿನಲ್ಲಿ ಮಗುವನ್ನು ಬಿಟ್ಟುಹೋಗಲು ಜಾಗವಿಲ್ಲ, ಹೊತ್ತೊಯ್ದರೆ ನೆರಳಿಲ್ಲ. ಸಾಲ, ದಣಿವು, ಪತಿಯ ಕುಡಿತ, ಬಾಣಂತಿಯ ಮನೋವ್ಯಾಕುಲತೆ ಇವೆಲ್ಲ ಕೂಡಿದಾಗ ಸಹನೆ ಬತ್ತುತ್ತದೆ. ಹೆತ್ತವರ ಭಾರವನ್ನು ಮೊದಲೇ ಇಳಿಸಿದರೆ ಅನೇಕ ಮಕ್ಕಳಿಗೆ ಬೀಳುವ ಪೆಟ್ಟು ತಪ್ಪುತ್ತದೆ.

ಇದಕ್ಕೆ ಪ್ರಮಾಣವಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಎಂಬಲ್ಲಿ 1970ರ ದಶಕದ ಕೊನೆಯಲ್ಲಿ ಡೇವಿಡ್ ಓಲ್ಡ್ಸ್ ಎಂಬ ಸಂಶೋಧಕರು ಚೊಚ್ಚಲ ಗರ್ಭಿಣಿಯರ ಮನೆಗಳಿಗೆ ದಾದಿಯರನ್ನು ಕಳುಹಿಸುವ ಪ್ರಯೋಗ ಕೈಗೊಂಡರು. ಮಗುವಿಗೆ ಎರಡು ವರ್ಷ ತುಂಬುವವರೆಗೆ ದಾದಿಯರು ಭೇಟಿ ನೀಡಿ, ಆರೈಕೆ ಕಲಿಸಿ, ತಾಯಿಯ ಕಷ್ಟಸುಖ ಆಲಿಸಿದರು. ಹದಿನೈದು ವರ್ಷಗಳ ನಂತರ ನೋಡಿದಾಗ, ಭೇಟಿ ದೊರೆಯದ ಕುಟುಂಬಗಳಿಗಿಂತ ಈ ಕುಟುಂಬಗಳಲ್ಲಿ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ದೃಢಪಟ್ಟ ಪ್ರಕರಣಗಳು ಸರಿಸುಮಾರು ಅರ್ಧದಷ್ಟು ಕಡಿಮೆಯಿದ್ದವು.

ಮನೆಬಾಗಿಲಿಗೆ ಬರುವ ಅಂತಹ ಆಸರೆ ನಮ್ಮಲ್ಲಿಯೂ ಉಂಟು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನಗಳೊಳಗೆ ಆರು ಬಾರಿ, ಬಳಿಕ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರಬೇಕೆಂಬ ನಿಯಮವಿದೆ. ಮಗುವಿನ ತೂಕವನ್ನಷ್ಟೇ ವಿಚಾರಿಸದೆ, ತಾಯಿಯ ನಿದ್ರೆ, ದುಃಖಗಳನ್ನೂ ಆಕೆಯೊಡನೆ ಹೇಳಿಕೊಳ್ಳಬಹುದು. ಅಂಗನವಾಡಿಯು ಆಹಾರದೊಡನೆ ತಾಯಿಗೆ ದಿನದಲ್ಲಿ ಕೆಲವು ಗಂಟೆಗಳ ಬಿಡುವನ್ನೂ ಕೊಡುತ್ತದೆ. ಉದ್ಯೋಗ ಖಾತರಿ ಕೂಲಿಕಾರರ ಮೂರು ವರ್ಷದೊಳಗಿನ ಮಕ್ಕಳಿಗೆಂದು ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಯೋಜನೆಯನ್ನು ಪ್ರಕಟಿಸಿತು. ತಂದೆಯನ್ನು ಕಳೆದುಕೊಂಡ ಅಥವಾ ಹೆತ್ತವರು ತೀವ್ರ ರೋಗಪೀಡಿತರಾಗಿರುವ ಬಡ ಮಕ್ಕಳಿಗೆ, ಅವರು ಮನೆಯಲ್ಲಿಯೇ ಬೆಳೆಯಲೆಂದು, ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ದೊರೆಯಲು ಅವಕಾಶವಿದೆ. ಅದಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಬೇಕು.

ಮನಸ್ಸಿನ ಕಾಯಿಲೆಗೆ ಊರ ಬಳಿಯೇ ಚಿಕಿತ್ಸೆ ಸಿಗಬೇಕೆಂಬ ಕಾರ್ಯ 1980ರ ದಶಕದಲ್ಲಿ ಆರಂಭವಾದುದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ, ನಿಮ್ಹಾನ್ಸ್ ಸಂಸ್ಥೆಯಿಂದ. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬಂದಿತು. ಇಂದು 14416 ಸಂಖ್ಯೆಗೆ ಕರೆಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಉಚಿತವಾಗಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಮಗು ಅಪಾಯದಲ್ಲಿದ್ದರೆ ಹಗಲಿರುಳೂ 1098ಕ್ಕೆ ತಿಳಿಸಬಹುದು.

ಮನೆಯಲ್ಲಿ ಆಚರಿಸಬೇಕಾದವು ಸರಳ. ಮಗು ಮಾಡಿದ ಒಳ್ಳೆಯ ಕೆಲಸವನ್ನು ಆಗಲೇ ಹೆಸರಿಸಿ ಮೆಚ್ಚಬೇಕು. ದಿನಕ್ಕೆ ಹತ್ತು ನಿಮಿಷವಾದರೂ ಮೊಬೈಲ್ ಬದಿಗಿಟ್ಟು ಅದರೊಡನೆ ಕೂಡಬೇಕು. ‘ಹಾಗೆ ಮಾಡಬೇಡ’ ಎನ್ನುವುದರೊಡನೆ ಹೇಗೆ ಮಾಡಬೇಕೆಂಬುದನ್ನೂ ತೋರಿಸಬೇಕು. ಕೂಸು ಅಳು ನಿಲ್ಲಿಸದೆ ಸಿಟ್ಟು ನೆತ್ತಿಗೇರಿದರೆ, ಅದನ್ನು ಸುರಕ್ಷಿತವಾಗಿ ಚಾಪೆಯ ಮೇಲೆ ಅಂಗಾತ ಮಲಗಿಸಿ, ಅಜ್ಜಿಯನ್ನೋ ನೆರೆಯವರನ್ನೋ ಕರೆದು, ತಾವು ಐದು ನಿಮಿಷ ಹೊರಬಂದು ನೀರು ಕುಡಿಯಬೇಕು. ಅಳು ಬಹಳ ಹೊತ್ತು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ತೊಟ್ಟಿಲು ತೂಗುವುದು, ಊಟ ಮಾಡಿಸುವುದು ತಂದೆಯ ಕಾಯಕವೂ ಹೌದು.

ಸದ್ಭಕ್ತರಲ್ಲಿ ಒಂದು ಅರಿಕೆ. ದಾಸೋಹವೆಂದರೆ ಅನ್ನವಿಕ್ಕುವುದು ಮಾತ್ರವಲ್ಲ, ದಣಿದವರ ಹೊರೆ ಹಂಚಿಕೊಳ್ಳುವುದೂ ದಾಸೋಹವೇ. ನಾಟಿಯ ದಿನಗಳಲ್ಲಿ ನೆರೆಮನೆಯ ಕೂಸನ್ನು ಒಂದು ಹೊತ್ತು ನೋಡಿಕೊಳ್ಳಿರಿ. ಗುಳೆ ಹೋದವರ ಮಕ್ಕಳು ಉಂಡರೇ, ಶಾಲೆಗೆ ಹೋದರೇ ಎಂದು ಅಜ್ಜಿಯರನ್ನು ವಿಚಾರಿಸಿರಿ. ಊರಿನ ಶಿವಾನುಭವ ಗೋಷ್ಠಿಗೆ ಒಮ್ಮೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನು ಕರೆದು ಅವರ ಮಾತು ಕೇಳಿರಿ. ನೆರೆಮನೆಯಲ್ಲಿ ಮಗು ಪೆಟ್ಟು ತಿನ್ನುವ ಸದ್ದು ಕೇಳಿದರೆ ‘ಅದು ಅವರ ಮನೆಯ ವಿಷಯ’ ಎಂದು ಸುಮ್ಮನಿರಬೇಡಿರಿ. ಬಾಗಿಲು ತಟ್ಟಿ, ‘ಏನು ಕಷ್ಟವಾಗಿದೆ ತಾಯಿ?’ ಎಂದು ಕೇಳಿರಿ.